ಆನ್‌ಲೈನ್‌ನಲ್ಲಿ ಅನಾಟಮಿ ಮತ್ತು ಫಿಸಿಯಾಲಜಿ: ನಾನು ಬಳಸಿ ನೋಡಿದ ಕಲಿಕೆಯ ದಾರಿಗಳ ಹೋಲಿಕೆ

ಮಾನವ ದೇಹದ ರಚನೆ ಮತ್ತು ಕ್ರಿಯೆಗಳನ್ನು ಪರಿಚಯಿಸುವ ಕಾಲೇಜು ಕೋರ್ಸೊಂದನ್ನು ನಾನು ಎರಡು ಭಾಗಗಳಲ್ಲಿ, ಒಂದು ದಿನವೂ ತರಗತಿಯ ಮೆಟ್ಟಿಲು ಹತ್ತದೆ, ಪೂರ್ತಿಯಾಗಿ ಆನ್‌ಲೈನ್‌ನಲ್ಲಿಯೇ ಓದಿ ಮುಗಿಸಿದ್ದೇನೆ. ಜೀವಕೋಶ, ಅಂಗಾಂಶ, ಚರ್ಮ, ಮೂಳೆ, ಸ್ನಾಯು ಮತ್ತು ನರಮಂಡಲಗಳಿದ್ದ ಮೊದಲ ಭಾಗಕ್ಕೆ 16 ವಾರಗಳಿದ್ದವು. ಹಾರ್ಮೋನು, ರಕ್ತ, ಹೃದಯ, ರೋಗನಿರೋಧಕ ವ್ಯವಸ್ಥೆ, ಉಸಿರಾಟ, ಜೀರ್ಣಕ್ರಿಯೆ, ಮೂತ್ರಪಿಂಡ ಮತ್ತು ಸಂತಾನೋತ್ಪತ್ತಿಗಳಿದ್ದ ಎರಡನೆಯ ಭಾಗವನ್ನು ಆತುರಕ್ಕೆ ಬಿದ್ದು 8 ವಾರಗಳ ತ್ವರಿತ ಅವಧಿಯಲ್ಲಿ ತೆಗೆದುಕೊಂಡೆ. ಇಂಥ ಕೋರ್ಸುಗಳಲ್ಲಿ ಏನನ್ನು ಓದಬೇಕೆಂದು ವಾರವಾರವೂ ತಿಳಿಸುತ್ತಾರೆ. ಹೇಗೆ ಓದಬೇಕೆಂಬುದನ್ನು ಮಾತ್ರ ವಿದ್ಯಾರ್ಥಿಗೇ ಬಿಟ್ಟಿರುತ್ತಾರೆ. ಹೀಗಾಗಿ ರೆಕಾರ್ಡ್ ಮಾಡಿದ ಉಪನ್ಯಾಸ, ಪಠ್ಯಪುಸ್ತಕ, ಫ್ಲ್ಯಾಶ್‌ಕಾರ್ಡ್, ಕೈಯಿಂದ ಬಿಡಿಸಿದ ಚಿತ್ರ, ಮೂರು ಆಯಾಮದ ಮಾದರಿಗಳ ಆ್ಯಪ್, ಮನೆಗೆ ಬಂದ ಪ್ರಯೋಗದ ಕಿಟ್ ಇವೆಲ್ಲವನ್ನೂ ಬೇರೆ ಬೇರೆ ಅಧ್ಯಾಯಗಳಿಗೆ ಬಳಸಿ, ಯಾವುದರಿಂದ ಎಷ್ಟು ಉಳಿಯಿತು ಎಂದು ನೋಡುವ ಅವಕಾಶ ನನಗೆ ತಾನಾಗಿಯೇ ಒದಗಿತು.

ಹೋಲಿಕೆಗೆ ಒಂದು ಅಳತೆಗೋಲು ಬೇಕಲ್ಲ, ಅದಕ್ಕೆ ನಾನು ಕೋರ್ಸಿನ ಕಿರುಪರೀಕ್ಷೆಗಳ ಅಂಕಗಳನ್ನು ನೆಚ್ಚಿಕೊಳ್ಳಲಿಲ್ಲ. ಓದಿದ ರಾತ್ರಿಯೇ ಬರೆಯುವ ಪರೀಕ್ಷೆಯಲ್ಲಿ ಯಾವ ವಿಧಾನದಿಂದ ಓದಿದರೂ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಅದರ ಬದಲು, ಅಧ್ಯಾಯ ಮುಗಿಸಿದ ಏಳನೆಯ ದಿನ ಪುಸ್ತಕ ಮುಚ್ಚಿಟ್ಟು, ಒಂದು ಖಾಲಿ ಹಾಳೆಯ ಮೇಲೆ ಹತ್ತು ನಿಮಿಷಗಳಲ್ಲಿ ನೆನಪಿದ್ದುದನ್ನೆಲ್ಲ ಬರೆಯುವುದು ಅಥವಾ ಬಿಡಿಸುವುದು, ಬಳಿಕ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದುವುದು ಎಂಬ ಪದ್ಧತಿ ಇಟ್ಟುಕೊಂಡೆ. ಆ ಕೆಂಪು ಗುರುತುಗಳ ಹಾಳೆಗಳು ಇಂದಿಗೂ ನನ್ನ ಬಳಿ ಇವೆ. ಮುಂದೆ ಹೇಳುವುದೆಲ್ಲ ಆ ಹಾಳೆಗಳನ್ನು ನೋಡಿ ಹೇಳುವ ಮಾತು. ಅವುಗಳಿಂದ ನನಗೆ ಮೊದಲು ಹೊಳೆದ ಸಂಗತಿಯೆಂದರೆ, ಒಂದೇ ಕೋರ್ಸಿನ ಹೆಸರಿನಲ್ಲಿ ಎರಡು ವಿಷಯಗಳನ್ನು ಜೋಡಿಸಿ ಕೊಟ್ಟಿದ್ದಾರೆ ಎಂಬುದು. ಅನಾಟಮಿ ಕೇಳುವುದು ಎಲ್ಲಿದೆ, ಯಾವುದರ ಪಕ್ಕದಲ್ಲಿದೆ, ಹೆಸರೇನು ಎಂದು. ಫಿಸಿಯಾಲಜಿ ಕೇಳುವುದು ಇದಾದರೆ ಮುಂದೇನಾಗುತ್ತದೆ, ಏಕಾಗುತ್ತದೆ ಎಂದು. ಮೊದಲನೆಯದಕ್ಕೆ ಒಗ್ಗಿದ ವಿಧಾನ ಎರಡನೆಯದರಲ್ಲಿ ಕೈಕೊಟ್ಟದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ರೆಕಾರ್ಡ್ ಮಾಡಿದ ಉಪನ್ಯಾಸ ಮತ್ತು ಪಠ್ಯಪುಸ್ತಕಗಳಿಂದ ಆರಂಭಿಸುತ್ತೇನೆ. ನರಕೋಶದ ವಿದ್ಯುತ್ ಸಂಕೇತದ ಅಧ್ಯಾಯವನ್ನು ಮೊದಲು ಬರೀ ವಿಡಿಯೊದಿಂದ ಕಲಿತೆ. ವಿಶ್ರಾಂತ ಸ್ಥಿತಿಯಲ್ಲಿ ಕೋಶಪೊರೆಯ ಒಳಭಾಗ ಹೊರಗಿನದಕ್ಕಿಂತ ಸುಮಾರು −70 ಮಿಲಿವೋಲ್ಟ್‌ನಲ್ಲಿರುವುದು, ಸುಮಾರು −55ಕ್ಕೆ ಏರಿದೊಡನೆ ಸೋಡಿಯಂ ದ್ವಾರಗಳು ಧಡಕ್ಕನೆ ತೆರೆದುಕೊಂಡು ಒಳಭಾಗವು +30ರವರೆಗೆ ಜಿಗಿಯುವುದು, ಮತ್ತೆ ಕೆಳಗಿಳಿಯುವುದು, ಇದೆಲ್ಲವೂ ಬಣ್ಣದ ಚುಕ್ಕೆಗಳ ಓಡಾಟದಲ್ಲಿ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಸ್ಪಷ್ಟವಾಗಿ ಕಂಡಿತು. ಮೂರು ಬಾರಿ ನೋಡಿದೆ, ಮೂರನೆಯ ಬಾರಿ ಒಂದೂವರೆ ಪಟ್ಟು ವೇಗದಲ್ಲಿ. ಏಳನೆಯ ದಿನದ ಹಾಳೆಯಲ್ಲಿ ಏರುವ ಗೆರೆಯನ್ನು ಸರಿಯಾಗಿ ಎಳೆದು, ಇಳಿಯುವ ಗೆರೆಯ ಪಕ್ಕದಲ್ಲಿ ‘ಪಂಪು ಸೋಡಿಯಮ್ಮನ್ನು ಹೊರಹಾಕುವುದರಿಂದ’ ಎಂದು ಬರೆದಿದ್ದೇನೆ. ಅದು ತಪ್ಪು. ಗೆರೆ ಇಳಿಯುವುದು ಪೊಟ್ಯಾಸಿಯಂ ತನ್ನ ದ್ವಾರಗಳ ಮೂಲಕ ಹೊರಗೆ ಹರಿಯುವುದರಿಂದ. ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ ಸಾಗಿಸುವ ಪಂಪು ಸಾಂದ್ರತೆಯ ವ್ಯತ್ಯಾಸವನ್ನು ಬಹುಕಾಲ ಕಾಯ್ದುಕೊಂಡು ಬರುವ ನಿಧಾನದ ಕೆಲಸಗಾರ. ವಿಡಿಯೊದಲ್ಲಿ ಎರಡೂ ಸಂಗತಿಗಳನ್ನು ಹೇಳಿದ್ದರು, ಆದರೆ ಚುಕ್ಕೆಗಳು ತಾವಾಗಿಯೇ ಓಡುತ್ತಿದ್ದುದರಿಂದ ಏಕೆ ಓಡುತ್ತಿವೆ ಎಂದು ಕೇಳುವ ಪ್ರಮೇಯವೇ ನನಗೆ ಬರಲಿಲ್ಲ.

ಪಠ್ಯಪುಸ್ತಕಕ್ಕೆ ಚಲನೆ ತೋರಿಸುವ ಶಕ್ತಿಯಿಲ್ಲ, ಆದರೆ ಅದು ಅವಸರ ಮಾಡುವುದಿಲ್ಲ. ನಾನು ಬಳಸಿದ್ದು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಯೋಜನೆಯು 2013ರಲ್ಲಿ ಉಚಿತವಾಗಿ ಹೊರತಂದ 28 ಅಧ್ಯಾಯಗಳ ಪಠ್ಯವನ್ನು. ಮೂತ್ರಪಿಂಡದ ಅಧ್ಯಾಯವನ್ನು ಮೊದಲು ಅದರಿಂದಲೇ ಓದಿ, ಬಳಿಕ ಉಪನ್ಯಾಸ ಕೇಳಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ, ಹೊರಹೋಗುವ ಮೂತ್ರ ಸುಮಾರು ಒಂದೂವರೆ ಲೀಟರ್ ಮಾತ್ರ ಎಂಬ ಸಾಲನ್ನು ಓದಿ ನಿಂತುಬಿಟ್ಟೆ. ಹಾಗಾದರೆ ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಸೇರುತ್ತದೆ, ಅಂದರೆ ಮೂತ್ರಪಿಂಡದ ಮುಖ್ಯ ಕೆಲಸ ಹೊರಹಾಕುವುದಕ್ಕಿಂತಲೂ ಹಿಂಪಡೆಯುವುದು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತ ಮೇಲೆ, ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ನಳಿಕೆಯಾದ ನೆಫ್ರಾನಿನ ಒಂದೊಂದು ತಿರುವಿನಲ್ಲಿ ಏನನ್ನು ಹಿಂಪಡೆಯುತ್ತದೆ ಎಂಬ ಕುತೂಹಲದಿಂದಲೇ ಉಪನ್ಯಾಸ ಕೇಳಿದೆ. ಆ ವಾರದ ಹಾಳೆಯಲ್ಲಿ ಕೆಂಪು ಗುರುತು ಕಡಿಮೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಪಠ್ಯಕ್ಕೆ. ಎರಡೂ ಇರುವುದಾದರೆ ಮೊದಲು ಪಠ್ಯದ ಚಿತ್ರಗಳನ್ನೂ ಅವುಗಳ ಕೆಳಗಿನ ಟಿಪ್ಪಣಿಗಳನ್ನೂ ಹದಿನೈದು ನಿಮಿಷ ನೋಡಿ, ಆಮೇಲೆ ವಿಡಿಯೊವನ್ನು ಪ್ರತಿ ಹಂತದ ಮುನ್ನ ನಿಲ್ಲಿಸಿ, ಮುಂದೇನಾಗುತ್ತದೆಂದು ತಾನೇ ಹೇಳಿಕೊಂಡು, ಬಳಿಕ ನಡೆಸುವುದು. ಒಂದೂವರೆ ಪಟ್ಟು ವೇಗವನ್ನು ಆ ಬಳಿಕ ನಾನು ಮುಟ್ಟಿಲ್ಲ.

ಇನ್ನು ಫ್ಲ್ಯಾಶ್‌ಕಾರ್ಡ್ ಮತ್ತು ಕೈಚಿತ್ರಗಳ ವಿಷಯ. ನಾನು ಅತಿ ಹೆಚ್ಚು ಸಮಯ ಸುರಿದದ್ದೂ, ಅತಿ ಹೆಚ್ಚು ಏಟು ತಿಂದದ್ದೂ ಇಲ್ಲಿಯೇ. ಕಾರ್ಡುಗಳ ಹಿಂದಿನ ತತ್ತ್ವ ಗಟ್ಟಿಯಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಕಲಿತದ್ದು ದಿನಗಳೆದಂತೆ ಹೇಗೆ ಅಳಿಸಿಹೋಗುತ್ತದೆ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಗೊತ್ತಿರುವ ಕಾರ್ಡನ್ನು ಅಪರೂಪಕ್ಕೆ, ಗೊತ್ತಿಲ್ಲದ್ದನ್ನು ಪದೇ ಪದೇ ತಿರುವಿಹಾಕುವ ಪೆಟ್ಟಿಗೆಗಳ ಪದ್ಧತಿಯನ್ನು ಲೈಟ್ನರ್ 1972ರಲ್ಲಿ ಜನಪ್ರಿಯಗೊಳಿಸಿದ. 2006ರಲ್ಲಿ ಬಂದ ಆಂಕಿಯಂತಹ ಆ್ಯಪ್‌ಗಳು ಆ ಲೆಕ್ಕಾಚಾರವನ್ನು ನಮ್ಮ ಪರವಾಗಿ ತಾವೇ ಮಾಡುತ್ತವೆ. ಅದೇ 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕದ ಪರೀಕ್ಷೆಯಲ್ಲಿ ಮುಂದಿದ್ದರೂ, ಎರಡು ದಿನ ಮತ್ತು ಒಂದು ವಾರದ ಬಳಿಕ, ಓದುವುದರ ಬದಲು ನೆನಪಿನಿಂದ ಬರೆದವರೇ ಮುಂದಾದರು. ನನ್ನ ಏಳನೆಯ ದಿನದ ಹಾಳೆಗಳೂ ಅದನ್ನೇ ಹೇಳುತ್ತವೆ. ತೊಡಕು ಇದ್ದದ್ದು ಕಾರ್ಡಿನಲ್ಲಿ ಏನು ನೆನಪಾಗುತ್ತಿದೆ ಎಂಬುದರಲ್ಲಿ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹೆಬ್ಬೆರಳಿನ ಕಡೆಯಿಂದ ಎಣಿಸಿದರೆ ಮುಂಗೈಗೆ ಹತ್ತಿರದ ಸಾಲಿನಲ್ಲಿ ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಮ್, ಪಿಸಿಫಾರ್ಮ್. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರಪೀಝಿಯಂ, ಟ್ರಪೆಝಾಯ್ಡ್, ಕ್ಯಾಪಿಟೇಟ್, ಹೇಮೇಟ್. ಯಾರೋ ಸಿದ್ಧಪಡಿಸಿದ್ದ ಕಾರ್ಡುಗಳ ಕಟ್ಟೊಂದನ್ನು ಇಳಿಸಿಕೊಂಡೆ. ಅದರಲ್ಲಿ ಬಲಗೈಯ ಅಂಗೈ ಭಾಗದ ಒಂದೇ ಚಿತ್ರವಿದ್ದು, ಒಂದೊಂದು ಕಾರ್ಡಿನಲ್ಲಿ ಒಂದೊಂದು ಮೂಳೆಯ ಹೆಸರನ್ನು ಮುಚ್ಚಿದ್ದರು. ಐದು ದಿನಗಳಲ್ಲಿ ಎಂಟಕ್ಕೆ ಎಂಟೂ ಸರಿಯಾದವು, ಅದೂ ಒಂದು ಸೆಕೆಂಡ್ ತಡವರಿಸದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬಲಗೈಯ ಮೂಳೆಗಳ ಚಿತ್ರವೇ ಬಂತು, ಬೆರಳುಗಳು ಮೇಲ್ಮುಖವಾಗಿಯೇ ಇದ್ದವು; ಆದರೆ ಅದು ಅಂಗೈಯ ಹಿಂಬದಿಯ ನೋಟ. ಬಾಣದ ಗುರುತು ಕೆಳಸಾಲಿನ ಬಲತುದಿಯ ಮೂಳೆಗಿತ್ತು. ನನ್ನ ಕಾರ್ಡಿನಲ್ಲಿ ಕೆಳಸಾಲಿನ ಬಲತುದಿ ಎಂದರೆ ಸ್ಕೇಫಾಯ್ಡ್. ಅದನ್ನೇ ಬರೆದೆ. ಹಿಂಬದಿಯಿಂದ ನೋಡುವಾಗ ಹೆಬ್ಬೆರಳು ಎಡಕ್ಕೆ ಬರುತ್ತದೆ, ಹಾಗಾಗಿ ಅದು ಟ್ರೈಕ್ವೆಟ್ರಮ್ ಆಗಿತ್ತು. ಟ್ರೈಕ್ವೆಟ್ರಮ್‌ನ ಮುಂದೆ, ಅಂಗೈ ಕಡೆ ಕೂತಿರುವ ಪಿಸಿಫಾರ್ಮ್ ಹಿಂಬದಿಯಿಂದ ಬಹುಮಟ್ಟಿಗೆ ಮರೆಯಾಗುವುದರಿಂದ ಆ ಸಾಲಿನಲ್ಲಿ ಮೂರೇ ಮೂಳೆಗಳು ಕಾಣುತ್ತಿದ್ದವು. ಆ ಸುಳಿವು ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಕಲಿತದ್ದು ಮೂಳೆಗಳನ್ನಲ್ಲ, ಒಂದು ಚಿತ್ರದ ಮೂಲೆಗಳನ್ನು.

ಅದೇ ವಾರಾಂತ್ಯದಲ್ಲಿ ಕಾಲಿನ ಹಿಂಪಾದದ ಮೂಳೆಗಳನ್ನು ಕಾರ್ಡಿಲ್ಲದೆ, ಪೆನ್ಸಿಲ್ಲಿನಿಂದ ಬಿಡಿಸಿ ಕಲಿಯಲು ಹೊರಟೆ. ಚಿತ್ರಕಲೆ ನನಗೆ ಒಲಿದದ್ದಲ್ಲ, ನನ್ನ ಮೊದಲ ಪಾದವು ಆಲೂಗಡ್ಡೆಗಳ ರಾಶಿಯಂತಿತ್ತು. ಆದರೆ ಬಿಡಿಸುವಾಗ ಕಾರ್ಡು ಎಂದೂ ಕೇಳದ ಪ್ರಶ್ನೆಗಳನ್ನು ಹಾಳೆ ಕೇಳತೊಡಗಿತು: ಟೇಲಸ್ ಯಾವುದರ ಮೇಲೆ ಕೂತಿದೆ, ನ್ಯಾವಿಕ್ಯುಲರ್ ಒಳಬದಿಗಿದೆಯೋ ಹೊರಬದಿಗೋ, ಕ್ಯೂಬಾಯ್ಡ್‌ನ ಮುಂದೆ ಎಷ್ಟು ಬೆರಳುಗಳ ಮೂಳೆಗಳು ಬಂದು ಸೇರುತ್ತವೆ? ಹೆಸರು ಗೊತ್ತಿದ್ದರೆ ಕಾರ್ಡಿಗೆ ಉತ್ತರ ಸಿಗುತ್ತದೆ. ನೆರೆಹೊರೆ ಗೊತ್ತಿಲ್ಲದೆ ಗೆರೆ ಮುಂದುವರಿಯುವುದಿಲ್ಲ. ಮೇಲಿನಿಂದ ಒಮ್ಮೆ, ಒಳಬದಿಯಿಂದ ಒಮ್ಮೆ, ಎಡಪಾದವನ್ನೊಮ್ಮೆ ಬಿಡಿಸಿದ ಮೇಲೆ ಯಾವ ಕೋನದ ಚಿತ್ರ ಬಂದರೂ ದಿಗಿಲಾಗಲಿಲ್ಲ. ಸಮಯದ ಲೆಕ್ಕದಲ್ಲಿ ಮಾತ್ರ ಚಿತ್ರ ಸೋಲುತ್ತದೆ. ಮಣಿಕಟ್ಟಿನ ಕಾರ್ಡುಗಳಿಗೆ ದಿನಕ್ಕೆ ಹತ್ತು ನಿಮಿಷ ಸಾಕಿತ್ತು, ಪಾದದ ಚಿತ್ರಗಳು ಎರಡು ಸಂಜೆಗಳನ್ನು ನುಂಗಿದವು. ವಯಸ್ಕರ ದೇಹದ 206 ಮೂಳೆಗಳನ್ನೂ ಅವುಗಳ ಉಬ್ಬುತಗ್ಗು ರಂಧ್ರಗಳನ್ನೂ ಹೀಗೆ ಬಿಡಿಸುತ್ತ ಕೂತರೆ 16 ವಾರಗಳು ಸಾಲವು. ಕೊನೆಗೆ ನಾನು ಬಂದು ನಿಂತದ್ದು ಹೀಗೆ: ಮೊದಲು ಒಮ್ಮೆ ಬಿಡಿಸುವುದು, ಆ ಚಿತ್ರದಲ್ಲಿ ತಪ್ಪಾದದ್ದಕ್ಕೆ ಮಾತ್ರ ಕಾರ್ಡು ಮಾಡುವುದು, ಪ್ರತಿ ಕಾರ್ಡಿಗೂ ಕನಿಷ್ಠ ಎರಡು ಬೇರೆ ಕೋನಗಳ ಚಿತ್ರ ಹಾಕುವುದು. ಬೇರೆಯವರು ಮಾಡಿದ ಸಾವಿರಾರು ಕಾರ್ಡುಗಳ ಕಟ್ಟನ್ನು ಇಳಿಸಿಕೊಳ್ಳುವುದು ನನ್ನ ಅನುಭವದಲ್ಲಿ ಕೆಲಸ ಉಳಿಸುವಂತೆ ತೋರಿದರೂ, ಕಾರ್ಡು ಮಾಡುವ ಶ್ರಮದಲ್ಲಿಯೇ ಅರ್ಧ ಕಲಿಕೆ ಅಡಗಿತ್ತು.

ಫಿಸಿಯಾಲಜಿಗೆ ಕಾರ್ಡು ಹೊಂದುವುದೇ ಇಲ್ಲ ಎಂದರೂ ತಪ್ಪಿಲ್ಲ. ‘ಆಲ್ಡೋಸ್ಟಿರೋನ್ ಹಾರ್ಮೋನು ಏನು ಮಾಡುತ್ತದೆ’ ಎಂಬ ಕಾರ್ಡಿಗೆ ‘ಸೋಡಿಯಂ ಹಿಂಪಡೆಯುವಿಕೆ ಹೆಚ್ಚಿಸುತ್ತದೆ’ ಎಂದು ಗಿಳಿಯಂತೆ ಒಪ್ಪಿಸಿದವನಿಗೆ, ರಕ್ತದೊತ್ತಡ ಕುಸಿದಾಗ ಆ ಹಾರ್ಮೋನಿನ ಬಿಡುಗಡೆಗೆ ಚಾಲನೆ ಕೊಡುವ ರೆನಿನ್ ಮೂತ್ರಪಿಂಡದಿಂದ ಏಕೆ ಬಿಡುಗಡೆಯಾಗಬೇಕು ಎಂದು ಪರೀಕ್ಷೆಯಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ. ಅಂಥ ಪಾಠಗಳಿಗೆ ನಾನು ಬಾಣಗಳ ಸರಪಳಿಯನ್ನು ದೊಡ್ಡ ಹಾಳೆಯಲ್ಲಿ ಬರೆದು, ಮಧ್ಯದ ಒಂದು ಕೊಂಡಿಯನ್ನು ಬೆರಳಿನಿಂದ ಮುಚ್ಚಿ, ಇದು ಕೆಲಸ ಮಾಡದಿದ್ದರೆ ಮುಂದಿನ ಯಾವ ಬಾಣಗಳು ನಿಲ್ಲುತ್ತವೆ ಎಂದು ಕೇಳಿಕೊಳ್ಳುತ್ತಿದ್ದೆ.

ಹೆಸರುಗಳನ್ನು ನೆನಪಿಡುವುದಕ್ಕೆ ಇನ್ನೆರಡು ದಾರಿಗಳು ಪೈಪೋಟಿಗಿದ್ದವು: ಮೊದಲಕ್ಷರಗಳಿಂದ ಕಟ್ಟಿದ ತಮಾಷೆಯ ವಾಕ್ಯ ಒಂದು ಕಡೆ, ಪದದ ಮೂಲವನ್ನು ಬಿಡಿಸಿ ನೋಡುವುದು ಇನ್ನೊಂದು ಕಡೆ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಕಪಾಲ ನರಗಳಿಗೆ ಇಂಗ್ಲಿಷಿನಲ್ಲಿ ಇಂಥ ವಾಕ್ಯಗಳು ಹೇರಳವಾಗಿವೆ, ಆದರೆ ಮೊದಲ ಮೂರು ನರಗಳು ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ವಾಕ್ಯ ನೆನಪಾದರೂ ಯಾವುದು ಯಾವ ನರವೆಂದು ಮತ್ತೆ ಹುಡುಕಬೇಕು. ಅದೂ ಅಲ್ಲದೆ ವಾಕ್ಯವು ಕ್ರಮವನ್ನು ಕೊಡುತ್ತದೆಯೇ ವಿನಾ ಕೆಲಸವನ್ನು ಕೊಡುವುದಿಲ್ಲ. ಮೂಲ ಹಿಡಿದು ಹೋದಾಗ, ವೇಗಸ್ ಎಂದರೆ ಲ್ಯಾಟಿನ್ನಿನಲ್ಲಿ ಅಲೆಮಾರಿ. ತಲೆಯಿಂದ ಹೊರಟು ಎದೆ, ಹೊಟ್ಟೆಗಳವರೆಗೂ ಅಲೆಯುವ ನರಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಹೈಪೊಗ್ಲಾಸಲ್ ಎಂದರೆ ನಾಲಿಗೆಯ ಅಡಿಯದು, ಟ್ರೈಜೆಮಿನಲ್ ಎಂದರೆ ಮೂರು ಕವಲಿನದು. ಟ್ರಾಕ್ಲಿಯರ್ ಎಂಬುದು ರಾಟೆ ಎಂಬರ್ಥದ ಪದದಿಂದ ಬಂದದ್ದು ಎಂದು ತಿಳಿದ ಮೇಲೆ, ಕಣ್ಣಿನ ಗೂಡಿನಲ್ಲಿ ರಾಟೆಯಂಥ ಕುಣಿಕೆಯೊಂದರ ಮೂಲಕ ಹಾದುಹೋಗುವ ಸ್ನಾಯುವನ್ನು ಈ ನರ ನಡೆಸುತ್ತದೆ ಎಂಬುದು ಮರೆಯಲು ಯತ್ನಿಸಿದರೂ ಮರೆಯದಾಯಿತು.

ಕನ್ನಡದಲ್ಲಿ ವಿಜ್ಞಾನ ಓದಿದವರಿಗೆ ಇಲ್ಲಿ ಒಂದು ಸಣ್ಣ ಅನುಕೂಲವಿದೆ. ಹೃದಯದ ಕೆಳಕೋಣೆಗೆ ನಾವು ಹೃತ್ಕುಕ್ಷಿ ಎನ್ನುತ್ತೇವೆ, ಕುಕ್ಷಿ ಎಂದರೆ ಹೊಟ್ಟೆ. ವೆಂಟ್ರಿಕಲ್ ಎಂಬ ಲ್ಯಾಟಿನ್ ಮೂಲದ ಪದಕ್ಕೂ ಪುಟ್ಟ ಹೊಟ್ಟೆ ಎಂದೇ ಅರ್ಥ. ಮೇಲುಕೋಣೆ ಹೃತ್ಕರ್ಣ, ಅದನ್ನು ಹಿಂದೆ ಇಂಗ್ಲಿಷಿನಲ್ಲಿ ಕಿವಿ ಎಂಬರ್ಥದ ಆರಿಕಲ್ ಎಂದು ಕರೆಯುತ್ತಿದ್ದರು, ನಮ್ಮ ಪದ ಆ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಈಗ ಆರಿಕಲ್ ಎಂಬ ಹೆಸರು ಆ ಕೋಣೆಯ ಹೊರಬದಿಗೆ ಜೋತುಬಿದ್ದ ಸುಕ್ಕುಗಟ್ಟಿದ ಚೀಲಕ್ಕೆ ಮಾತ್ರ ಉಳಿದಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪದದೊಳಗೆ ಒಂದು ಕಿವಿ ಇದೆಯೆಂದು ನಾನು ಅಂದಿನವರೆಗೆ ಯೋಚಿಸಿರಲೇ ಇಲ್ಲ.

ಆ ಕಿವಿಯನ್ನು ನಾನು ಕಣ್ಣಾರೆ ಕಂಡದ್ದು ಎರಡನೆಯ ಭಾಗದ ಪ್ರಯೋಗದ ಕಿಟ್ಟಿನಲ್ಲಿ ಬಂದ ಕುರಿಯ ಹೃದಯದಲ್ಲಿ. ಇದಕ್ಕೂ ಮೂರು ಆಯಾಮದ ಆ್ಯಪ್‌ಗೂ ನಡೆದ ಪೈಪೋಟಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ್ಯಪ್‌ನಲ್ಲಿ ಹೃದಯವನ್ನು ಬೆರಳ ತುದಿಯಿಂದ ತಿರುಗಿಸಬಹುದು, ಒಂದು ಪದರವನ್ನು ಮರೆಮಾಡಿ ಒಳಗಿನದನ್ನು ನೋಡಬಹುದು, ಮುಟ್ಟಿದರೆ ಹೆಸರು ಬರುತ್ತದೆ. ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನು ಮಾತ್ರ, ಅದರಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತ ಹರಿಯುವುದರಿಂದ, ನೀಲಿಯಲ್ಲಿ ತೋರಿಸುತ್ತಾರೆ. ನಾನು ಬಣ್ಣದಿಂದಲೇ ರಕ್ತನಾಳಗಳನ್ನು ಗುರುತಿಸುವುದಕ್ಕೆ ಒಗ್ಗಿಹೋಗಿದ್ದೆ. ಕಿಟ್ಟಿನ ಪೊಟ್ಟಣ ಬಿಚ್ಚಿ, ಸಂರಕ್ಷಕ ದ್ರವದ ಘಾಟು ಹೋಗುವವರೆಗೆ ನಲ್ಲಿಯ ಕೆಳಗೆ ತೊಳೆದು, ತಟ್ಟೆಯ ಮೇಲಿಟ್ಟಾಗ ಎದುರಿಗಿದ್ದದ್ದು ಎಲ್ಲೆಡೆ ಒಂದೇ ಮಾಸಲು ಕಂದು ಬಣ್ಣದ, ಕೊಬ್ಬು ಮೆತ್ತಿಕೊಂಡ ಒಂದು ಮುದ್ದೆ. ಮೇಲ್ಭಾಗದಲ್ಲಿ ತುಂಡಾದ ನಾಲ್ಕಾರು ಕೊಳವೆಗಳು, ಯಾವುದು ಯಾವುದೆಂದು ತಿಳಿಯದು. ಎಡ ಬಲಗಳೇ ತಿಳಿಯಲಿಲ್ಲ.

ಕೈಪಿಡಿಯಲ್ಲಿ ಹೇಳಿದ್ದಂತೆ ಎರಡೂ ಬದಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಂದು ಬದಿ ಒಳಕ್ಕೆ ತಗ್ಗಿತು, ಇನ್ನೊಂದು ಬದಿ ಗಟ್ಟಿ ರಬ್ಬರಿನಂತೆ ಒತ್ತಡಕ್ಕೆ ಬಗ್ಗದೆ ನಿಂತಿತು. ಗಟ್ಟಿಯಾದದ್ದು ಎಡ ಹೃತ್ಕುಕ್ಷಿ. ಇಡೀ ದೇಹಕ್ಕೆ ರಕ್ತ ದೂಡುವ ಅದರ ಗೋಡೆ, ಪಕ್ಕದ ಶ್ವಾಸಕೋಶಕ್ಕೆ ಮಾತ್ರ ದೂಡುವ ಬಲ ಹೃತ್ಕುಕ್ಷಿಯ ಗೋಡೆಗಿಂತ ಎಷ್ಟೋ ಪಟ್ಟು ದಪ್ಪ. ಈ ಮಾತನ್ನು ನಾನು ಅದಕ್ಕೂ ಮೊದಲು ಓದಿದ್ದೆ, ಆ್ಯಪ್‌ನಲ್ಲಿ ನೋಡಿಯೂ ಇದ್ದೆ; ಹೆಬ್ಬೆರಳಿಗೆ ತಿಳಿದದ್ದು ಅಂದೇ. ಬಲ ಹೃತ್ಕರ್ಣಕ್ಕೆ ಬಂದು ಸೇರುವ ಮಹಾಭಿಧಮನಿಯೊಳಗೆ ತೋರುಬೆರಳು ಇಳಿಸಿದಾಗ ಅದು ಕವಾಟವನ್ನು ದಾಟಿ ಸೀದಾ ಬಲ ಹೃತ್ಕುಕ್ಷಿಯ ತಳಕ್ಕೆ ಹೋಯಿತು, ರಕ್ತ ಹರಿಯುವ ದಾರಿಯನ್ನು ಬೆರಳೇ ನಡೆದು ತೋರಿಸಿದಂತೆ. ಕತ್ತರಿಸಿ ತೆರೆದ ಮೇಲೆ ಕವಾಟದ ತೆಳು ಹಾಳೆಗಳೂ, ಅವುಗಳ ಅಂಚಿನಿಂದ ಗೋಡೆಯ ಪುಟ್ಟ ಸ್ನಾಯುಗುಡ್ಡೆಗಳಿಗೆ ಎಳೆದು ಕಟ್ಟಿದ ಬಿಳಿಯ ದಾರಗಳೂ ಕಂಡವು. ಆ ದಾರಗಳು ಕವಾಟವನ್ನು ಎಳೆದು ತೆರೆಯುತ್ತವೆ ಎಂದು ನಾನು ಆ್ಯಪ್ ನೋಡಿ ತಿಳಿದಿದ್ದೆ. ಹೃತ್ಕುಕ್ಷಿಯ ಕಡೆಯಿಂದ ಹಾಳೆಯನ್ನು ಬೆರಳಿನಿಂದ ಮೇಲಕ್ಕೆ ದೂಡಿದೆ. ಅದು ಸ್ವಲ್ಪ ದೂರ ಹೋಗಿ, ದಾರಗಳು ಬಿಗಿಯಾದೊಡನೆ ನಿಂತುಬಿಟ್ಟಿತು. ಕವಾಟ ತೆರೆಯುವುದೂ ಮುಚ್ಚುವುದೂ ರಕ್ತದ ಒತ್ತಡದಿಂದ. ದಾರಗಳಿರುವುದು ಅದು ಗಾಳಿಗೆ ಮಗುಚಿದ ಛತ್ರಿಯಂತೆ ಹಿಂದುಮುಂದಾಗದಿರಲಿ ಎಂದು. ನನ್ನ ಎಲ್ಲ ಹಾಳೆಗಳಲ್ಲಿ ಒಂದೂ ಕೆಂಪು ಗುರುತಿಲ್ಲದ ಹಾಳೆ ಆ ವಾರದ್ದು ಮಾತ್ರ.

ಇಷ್ಟಾದರೂ ಆ್ಯಪ್ ವ್ಯರ್ಥವೆಂದು ಹೇಳಲಾರೆ. ಕುರಿಯ ಹೃದಯ ಮನುಷ್ಯನದ್ದಲ್ಲ ಎಂಬುದು ಮಹಾಪಧಮನಿಯ ಕಮಾನಿಗೆ ಬಂದಾಗ ತಿಳಿಯುತ್ತದೆ: ಮನುಷ್ಯನಲ್ಲಿ ಅಲ್ಲಿಂದ ಸಾಮಾನ್ಯವಾಗಿ ಮೂರು ದೊಡ್ಡ ಕವಲುಗಳು ಹೊರಟರೆ ಕುರಿಯಲ್ಲಿ ಒಂದೇ ದೊಡ್ಡ ಕವಲು ಹೊರಡುತ್ತದೆ. ಕಿಟ್ಟು ಒಮ್ಮೆ ಕತ್ತರಿಸಿದರೆ ಮುಗಿಯಿತು, ಆ್ಯಪ್‌ನಲ್ಲಿ ನೂರು ಬಾರಿ ಬಿಚ್ಚಿ ಜೋಡಿಸಬಹುದು. ಹೊಟ್ಟೆಯೊಳಗಿನ ಅಂಗಗಳು ಒಂದರ ಹಿಂದೊಂದು ಹೇಗೆ ಕೂತಿವೆ, ಮೇದೋಜೀರಕ ಗ್ರಂಥಿ ಜಠರದ ಹಿಂದೆ ಹೇಗೆ ಅಡಗಿದೆ ಎಂಬುದನ್ನೆಲ್ಲ ನಾನು ಆ್ಯಪ್‌ನಿಂದಲೇ ಕಲಿತೆ, ಬೇರೆ ದಾರಿಯೂ ಇರಲಿಲ್ಲ. ಆ್ಯಪ್‌ನ ಚೊಕ್ಕ ಬಣ್ಣಗಳಿಂದ ಕಣ್ಣನ್ನು ಬಿಡಿಸಿಕೊಳ್ಳಲು, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ದಾನವಾಗಿ ಬಂದ ಪುರುಷ ದೇಹವೊಂದನ್ನು ಒಂದು ಮಿಲಿಮೀಟರ್ ಅಂತರದಲ್ಲಿ ಅಡ್ಡ ಸೀಳಿ ತೆಗೆದು 1994ರಲ್ಲಿ ಬಿಡುಗಡೆ ಮಾಡಿದ ಚಿತ್ರಗಳು ನೆರವಾದವು. ಅಡ್ಡಸೀಳಿನ ಚಿತ್ರಗಳನ್ನು ಪಾದಗಳ ಕಡೆಯಿಂದ ನೋಡುವುದು ರೂಢಿಯಾದ್ದರಿಂದ ಯಕೃತ್ತು ಚಿತ್ರದ ಎಡಬದಿಗೆ ಕಾಣುತ್ತದೆ. ಮಣಿಕಟ್ಟಿನ ಪಾಠ ಕಲಿತವನಾದ್ದರಿಂದ ಈ ಬಾರಿ ಮೊದಲು ದಿಕ್ಕು ನೋಡಿಕೊಂಡೆ.

ಅಂಗಾಂಶಗಳ ಸೂಕ್ಷ್ಮದರ್ಶಕ ಚಿತ್ರಗಳಿಗೆ ಹೋಲಿಸಲು ನನ್ನ ಬಳಿ ಎರಡನೆಯ ಆಯ್ಕೆ ಇರಲಿಲ್ಲ. ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ ನೋಡುವ ಸ್ಲೈಡುಗಳೇ ಗತಿ, ಅವು ಚೆನ್ನಾಗಿಯೇ ಇದ್ದವು. ಒಂದು ಅಂಗಾಂಶಕ್ಕೆ ಒಂದೇ ಸ್ಲೈಡು ನೋಡಿ ಸುಮ್ಮನಾಗದೆ ನಾಲ್ಕೈದು ಅಂಗಗಳ ಸ್ಲೈಡು ನೋಡುವುದು ಮುಖ್ಯ, ಅಷ್ಟೇ.

ಪ್ರಯೋಗಗಳಲ್ಲಿ ಮಾತ್ರ ಆಯ್ಕೆಯಿತ್ತು: ಮೌಸ್ ಒತ್ತಿ ನಡೆಸುವ ಸಿಮ್ಯುಲೇಶನ್ ಇಲ್ಲವೇ ಸ್ವಂತ ದೇಹ. ಸ್ನಾಯುವಿಗೆ ಕೊಡುವ ವಿದ್ಯುತ್ ಪ್ರಚೋದನೆಗಳ ವೇಗ ಹೆಚ್ಚಿಸುತ್ತ ಹೋದರೆ ಬಿಡಿಬಿಡಿ ಸೆಳೆತಗಳು ಒಂದರ ಮೇಲೊಂದು ಕೂಡಿಕೊಂಡು ಕೊನೆಗೆ ಒಂದೇ ಸ್ಥಿರ ಸಂಕೋಚನವಾಗುವುದನ್ನು ಮನೆಯಲ್ಲಿ ಮಾಡಿ ನೋಡಲಾಗದು, ಅಲ್ಲಿ ಸಿಮ್ಯುಲೇಶನ್ನೇ ಸರಿ. ಆದರೆ ನಾಡಿಮಿಡಿತಕ್ಕೆ ಸಿಮ್ಯುಲೇಶನ್ ಏಕೆ? ಮಲಗಿದ್ದಾಗ, ಎದ್ದು ನಿಂತ ಕೂಡಲೇ, ಎರಡು ನಿಮಿಷಗಳ ಬಳಿಕ ಎಂದು ಹದಿನೈದು ಸೆಕೆಂಡುಗಳ ಮಿಡಿತ ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಕೊಂಡೆ. ನಿಂತಾಗ ರಕ್ತ ಕಾಲುಗಳ ಕಡೆಗೆ ಇಳಿಯುತ್ತದೆ, ಕತ್ತಿನ ಅಪಧಮನಿ ಮತ್ತು ಮಹಾಪಧಮನಿಯ ಗೋಡೆಗಳಲ್ಲಿರುವ ಒತ್ತಡದ ಗ್ರಾಹಕಗಳಿಗೆ ಹಿಗ್ಗು ಕಡಿಮೆಯಾಗುತ್ತದೆ, ಮಿದುಳು ಹೃದಯಕ್ಕೆ ಚುರುಕಾಗಲು ಹೇಳುತ್ತದೆ ಎಂಬ ಸರಪಳಿಯನ್ನು ಬೆರಳಡಿಯಲ್ಲೇ ಹಿಡಿದಂತಾಯಿತು. ಸಿಮ್ಯುಲೇಶನ್ನಿನ ಅಂಕಿಗಳು ಪ್ರತಿ ಬಾರಿಯೂ ಪುಸ್ತಕದಲ್ಲಿರುವಂತೆಯೇ ಬರುತ್ತವೆ. ನನ್ನ ಅಂಕಿಗಳು ಒಮ್ಮೆ ಏರಿದವು, ಇನ್ನೊಮ್ಮೆ ಅಷ್ಟಾಗಿ ಏರಲಿಲ್ಲ. ಏಕಿರಬಹುದೆಂದು ವರದಿಯಲ್ಲಿ ಬರೆಯಬೇಕಾದ ಸಾಲುಗಳಿಗಾಗಿ ನಾನು ಆ ಅಧ್ಯಾಯವನ್ನು ಎರಡು ಬಾರಿ ಓದಬೇಕಾಯಿತು.

ಒಬ್ಬನೇ ಓದುವುದಕ್ಕೂ ಇನ್ನೊಬ್ಬರಿಗೆ ಹೇಳುತ್ತ ಓದುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದವಳು ನನ್ನ ಅಕ್ಕ. ಅವಳು ಓದಿದ್ದು ವಾಣಿಜ್ಯ. ಸಹಪಾಠಿಗಳ ಜೊತೆ ವಿಡಿಯೊ ಕರೆಯಲ್ಲಿ ಚರ್ಚಿಸುವಾಗ ನಾವೆಲ್ಲರೂ ಒಂದೇ ಪಠ್ಯದ ಒಂದೇ ಇಂಗ್ಲಿಷ್ ಪದಗಳನ್ನು ಪರಸ್ಪರ ಒಪ್ಪಿಸಿಕೊಂಡು, ಎಲ್ಲರಿಗೂ ಅರ್ಥವಾಗಿದೆ ಎಂದುಕೊಳ್ಳುತ್ತಿದ್ದೆವು. ಅಕ್ಕನಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ ‘ಹೈಪರ್‌ಟಾನಿಕ್’ (ಉಪ್ಪಿನಂಶ ಹೆಚ್ಚಿರುವ) ಎಂಬ ಪದದ ಹಿಂದೆ ಬಚ್ಚಿಟ್ಟುಕೊಳ್ಳಲು ಆಗಲಿಲ್ಲ. ನೆಫ್ರಾನಿನ ಕುಣಿಕೆಯಲ್ಲಿ ಇಳಿಯುವ ಭಾಗದಿಂದ ನೀರು ಹೊರಬರುತ್ತದೆ, ಏರುವ ಭಾಗದಿಂದ ಉಪ್ಪು ಹೊರಬರುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳು ಕೇಳಿದಳು: “ಉಪ್ಪು ಇದ್ದಲ್ಲಿಗೆ ನೀರು ಹೋಗುತ್ತೆ ಅಂತ ನೀನೇ ತಾನೆ ಈಗ ಹೇಳಿದ್ದು? ಮತ್ತೆ ಉಪ್ಪು ಹೊರಗೆ ಹೋದ್ಮೇಲೂ ಆ ನೀರು ಒಳಗೇ ಯಾಕೋ ಕೂತಿದೆ?” ನನ್ನ ಬಳಿ ಉತ್ತರವಿರಲಿಲ್ಲ. ಪುಸ್ತಕ ತೆರೆದೆ. ಏರುವ ಭಾಗದ ಜೀವಕೋಶಗಳಲ್ಲಿ ನೀರು ದಾಟುವ ದ್ವಾರಗಳಿಲ್ಲ, ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿರುವುದರಿಂದ ನಡುವೆ ನುಸುಳಲೂ ಆಗದು. ಅದಕ್ಕೇ ಸುತ್ತಲಿನ ಭಾಗ ಉಪ್ಪಾಗುತ್ತ ಹೋಗುತ್ತದೆ, ಆ ಉಪ್ಪಿನಿಂದಲೇ ಮುಂದೆ ಸಂಗ್ರಾಹಕ ನಾಳದಲ್ಲಿ ಎಡಿಎಚ್ ಹಾರ್ಮೋನು ದ್ವಾರಗಳನ್ನು ಒದಗಿಸಿದಾಗ ನೀರು ಹೊರಗೆ ಸೆಳೆಯಲ್ಪಡುತ್ತದೆ. ಇಡೀ ಅಧ್ಯಾಯದ ಕೀಲು ಇದ್ದದ್ದು ಆ ಒಂದು ಪ್ರಶ್ನೆಯಲ್ಲಿ, ಆರು ಜನ ಸಹಪಾಠಿಗಳಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಸಹಪಾಠಿಗಳ ಕರೆಗಳು ಗಡುವುಗಳನ್ನು ನೆನಪಿಸುವುದಕ್ಕೆ ಉಪಯುಕ್ತ. ಪಾಠಕ್ಕೆ, ವಿಷಯ ತಿಳಿಯದ ಆದರೆ ಸುಲಭಕ್ಕೆ ಒಪ್ಪದ ಒಬ್ಬ ಕೇಳುಗರು ಸಾಕು.

ಪುಸ್ತಕ ತೆರೆದಿಟ್ಟು ಬರೆಯಬಹುದಾದ ಪರೀಕ್ಷೆ ಸುಲಭವೆಂದು ತೋರುತ್ತದೆ. ಐವತ್ತು ಪ್ರಶ್ನೆಗಳಿಗೆ ಅರವತ್ತು ನಿಮಿಷಗಳಿದ್ದಾಗ ಎಂಟು ಹತ್ತು ಪ್ರಶ್ನೆಗಳಿಗಷ್ಟೇ ಪುಟ ತಿರುವಲು ಬಿಡುವಿರುತ್ತದೆ. ಕ್ಯಾಮೆರಾದ ಎದುರು, ಮೇಜು ಖಾಲಿ ಮಾಡಿ ಬರೆಯುವ ಪರೀಕ್ಷೆಗೆ ನಾನು ಹೆಚ್ಚು ಹೆದರಿದ್ದರೂ, ಅದಕ್ಕೆ ಓದಿದ್ದೇ ಹೆಚ್ಚು ಕಾಲ ಉಳಿದಿದೆ.

ಕೊನೆಯದಾಗಿ ಅವಧಿಯ ಹೋಲಿಕೆ. 16 ವಾರಗಳ ಭಾಗದಲ್ಲಿ ವಾರಕ್ಕೆ ಸುಮಾರು ಹನ್ನೆರಡು ಗಂಟೆ ಓದುತ್ತಿದ್ದೆ, 8 ವಾರಗಳ ಭಾಗದಲ್ಲಿ ಅದು ಇಪ್ಪತ್ತು ದಾಟಿತು. ಗಂಟೆಗಳ ಒಟ್ಟು ಮೊತ್ತ ಹೆಚ್ಚುಕಡಿಮೆ ಸಮವೇ. ಕೊರತೆಯಾದದ್ದು ನಡುವಿನ ದಿನಗಳದ್ದು. ಮರೆತು, ಏಳನೆಯ ದಿನ ಖಾಲಿ ಹಾಳೆಯ ಮುಂದೆ ಕೂತು, ತಪ್ಪು ಬರೆದು, ತಿದ್ದಿಕೊಳ್ಳುವುದಕ್ಕೆ ಮೊದಲ ಭಾಗದಲ್ಲಿ ಜಾಗವಿತ್ತು. ಎರಡನೆಯ ಭಾಗದಲ್ಲಿ ಏಳನೆಯ ದಿನ ಬರುವಷ್ಟರಲ್ಲಿ ಮತ್ತೆರಡು ಅಧ್ಯಾಯಗಳು ಮುಗಿದಿರುತ್ತಿದ್ದವು. ಹೃದಯ ಮತ್ತು ಮೂತ್ರಪಿಂಡಗಳಿಗೆ ಕುರಿಯ ಹೃದಯವೂ ಅಕ್ಕನ ಪ್ರಶ್ನೆಯೂ ಒದಗಿಬಂದದ್ದರಿಂದ ಅವು ಉಳಿದವು. ರೋಗನಿರೋಧಕ ವ್ಯವಸ್ಥೆ ಮತ್ತು ಹಾರ್ಮೋನುಗಳ ಅಧ್ಯಾಯಗಳಿಗೆ ಹಾಳೆ ಬರೆಯುವುದನ್ನೇ ಬಿಟ್ಟು, ಇಳಿಸಿಕೊಂಡ ಕಾರ್ಡುಗಳನ್ನು ರಾತ್ರಿ ತಿರುವಿ, ವಿಡಿಯೊ ಓಡಿಸಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದೆ. ಮುಂದಿನ ಕೋರ್ಸು ಸೇರಿದ ಮೇಲೆ ಈಗ ಮತ್ತೆ ಮೊದಲ ಪುಟದಿಂದ ಓದುತ್ತಿರುವುದು ಆ ಎರಡು ಅಧ್ಯಾಯಗಳನ್ನೇ, ಈ ಬಾರಿ ಪೆನ್ಸಿಲ್ ಹಿಡಿದು.